ಏಳನೇ ನಂಬರ್ ಮತ್ತು ಎರಡನೇ ಜ್ವರ

ಕೈಲಾಂಚ
6 ಜನವರಿ 2025

ಉಜೈರ್,

ಐದು ವಾಯ್ಸ್ ನೋಟ್ ಕಳಿಸಿದೆ. ಐದನ್ನೂ ನೀನು ತೆರೆದಿಲ್ಲವೆಂದು ಫೋನೇ ಹೇಳುತ್ತಿದೆ. ಹದಿನಾರು ವರ್ಷ ಮಾತಿಲ್ಲದವನು ಒಂದು ಬೆಳಿಗ್ಗೆ ಇಪ್ಪತ್ತು ನಿಮಿಷದ ಮಾತು ತಂದು ಸುರಿದರೆ ಯಾರು ಕೇಳುತ್ತಾರೆ, ನಿನ್ನ ತಪ್ಪೇನಿಲ್ಲ. ಲತಾಮಣಿ ಹೇಳಿದಳು: "ಸರ್ ನಿಮ್ ಮಾತು ಕೇಳಕಿಲ್ಲ, ಆದ್ರೆ ಬರ್ದಿದ್ದು ಓದ್ತಾರೆ. ನೀವು ಮಾತಾಡ್ಕಳಿ, ನಾನು ಟೈಪ್ ಮಾಡ್ತೀನಿ." ನಿನ್ನ ಹತ್ತಿರವೇ ಕನ್ನಡ ಟೈಪಿಂಗ್ ಕಲಿತವಳು, ನಾವಿಬ್ಬರೂ ಸೇರಿ ನಡೆಸುತ್ತಿದ್ದ ರಾಮನಗರದ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನ ಎರಡನೇ ಬ್ಯಾಚು. ಈಗ ನನ್ನ ಹೆಂಡತಿ, ಅದು ನಿನಗೆ ಗೊತ್ತಿದೆ. ನಾನು ಫೋನಿಗೆ ಮಾತಾಡುತ್ತೇನೆ, ಅವಳು ಅದನ್ನು ಓದುವ ಹಾಗೆ ತಿದ್ದಿ ಟೈಪ್ ಮಾಡುತ್ತಾಳೆ. ಬೇರೆಯವರು ಆಡಿದ ಮಾತನ್ನು ಮಾತ್ರ ಅವರ ಬಾಯಲ್ಲಿ ಬಂದಂತೆಯೇ ಬಿಡುತ್ತಾಳಂತೆ. ನನ್ನದರಲ್ಲಿ ಎಷ್ಟು ಕತ್ತರಿಸುತ್ತಾಳೋ ನನಗೆ ಗೊತ್ತಾಗುವುದಿಲ್ಲ.

ವಿಷಯ ಹೇಳುತ್ತೇನೆ. ನಾನು ಈಗ ಕೈಲಾಂಚದಲ್ಲಿ ಚಾಕಿ ಕೇಂದ್ರ ನಡೆಸುತ್ತಿದ್ದೇನೆ. ರೇಷ್ಮೆ ಮೊಟ್ಟೆ ಒಡೆಸಿ, ಮರಿ ಹುಳುಗಳನ್ನು ಎಂಟು ದಿನ ಸಾಕಿ, ಎರಡನೇ ಜ್ವರ ಮುಗಿಸಿ ರೈತರಿಗೆ ಕೊಡುವ ಕೆಲಸ. ನೀವು ಚನ್ನಪಟ್ಟಣದ ಗೊಂಬೆ ಕಡೆಯುವ ಮನೆಯವರು, ಹುಳುವಿನ ಸುದ್ದಿ ಬೇಡ ಎನ್ನಬಹುದು. ಇಷ್ಟೇ ತಿಳಿದರೆ ಸಾಕು: ಮರಿ ಹುಳುವಿಗೆ ಕೋಣೆಯಲ್ಲಿ ತೇವ ಬೇಕು, ಇಲ್ಲದಿದ್ದರೆ ಕತ್ತರಿಸಿ ಹಾಕಿದ ಹಿಪ್ಪುನೇರಳೆ ಸೊಪ್ಪು ಗಂಟೆಯೊಳಗೆ ಒಣಗಿ ಗರಿಗರಿಯಾಗುತ್ತದೆ, ಹುಳು ಉಪವಾಸ ಬೀಳುತ್ತದೆ. ತೇವಕ್ಕೆ ಒಂದು ಮಂಜಿನ ಮಿಷನ್ ಇಟ್ಟಿದ್ದೇನೆ. ತೇವ ಅಳೆಯುವ ಪೆಟ್ಟಿಗೆ, ಅದನ್ನು ನೋಡಿ ಮಂಜು ಬಿಡುವ ಪ್ರೋಗ್ರಾಮು, ಎಲ್ಲ ಒಂದು ಹಳೆಯ ಕಂಪ್ಯೂಟರಿನಲ್ಲಿದೆ. ಮೆಮೊರಿ ಒಂದೇ ಜಿಬಿ. ನಾನೇ ಓದಿಕೊಂಡು ಲಿನಕ್ಸ್ ಹಾಕಿದೆ, ತೀರಾ ಹಗುರವಾದ ಡೆಸ್ಕ್‌ಟಾಪು. ಚೆನ್ನಾಗಿ ಓಡುತ್ತದೆ.

ತೊಂದರೆ ಏನೆಂದರೆ ಕರೆಂಟು. ದಿನಕ್ಕೆ ಮೂರು ಸಲವಾದರೂ ಹೋಗುತ್ತದೆ. ಬಂದಾಗ ಯಾರಾದರೂ ಗುಂಡಿ ಒತ್ತಬೇಕು, ಪಾಸ್‌ವರ್ಡ್ ಹಾಕಬೇಕು, ಪ್ರೋಗ್ರಾಮು ತೆರೆಯಬೇಕು. ನಾನು ತೋಟದಲ್ಲಿರುತ್ತೇನೆ, ಇಲ್ಲ ಸೊಪ್ಪಿನ ಗಾಡಿಯ ಜೊತೆ ರಸ್ತೆಯಲ್ಲಿರುತ್ತೇನೆ. ಹೋದ ತಿಂಗಳು ಹಾಗೇ ಆಗಿ ಹುಳು ಏರುಪೇರಾಯಿತು. ಕೆಲವು ದಪ್ಪ, ಕೆಲವು ನುಸಿ. ನಮ್ಮ ಹಳೆಯ ರೈತ ಬೋರಲಿಂಗಯ್ಯ ತಟ್ಟೆಯನ್ನು ಎರಡೆರಡು ಸಲ ತಿರುಗಿಸಿ ನೋಡಿ ಹೊರಟುಹೋದರು, ಅದೇ ನನಗೆ ಹೆದರಿಕೆ. ಅವರು ಬೇರೆ ಕಡೆ ಹೋದರೆ ಅವರ ಹಿಂದೆ ಹದಿನೆಂಟು ಮನೆ ಹೋಗುತ್ತವೆ. ಆಮೇಲೆ ಕೇಂದ್ರಕ್ಕೆ ಬೀಗ ಹಾಕುವುದೊಂದೇ ಉಳಿಯುತ್ತದೆ. ಬೀಗ ಹಾಕುವವನು ನಾನಲ್ಲ.

ಕರೆಂಟು ಬಂದ ಕೂಡಲೇ ಅದು ತಾನಾಗಿ ಎದ್ದು, ತಾನಾಗಿ ಮಂಜು ಶುರು ಮಾಡಬೇಕು. ಹೇಗೆಂದು ಬರೆದು ಕಳಿಸು. ಇಷ್ಟೇ ಕೇಳುವುದು.

ಇನ್ನೊಂದು ಮಾತು, ಹೇಳಬಾರದೆಂದುಕೊಂಡಿದ್ದೆ. ಆ ಕಂಪ್ಯೂಟರು ನಮ್ಮ ಇನ್‌ಸ್ಟಿಟ್ಯೂಟಿನ ಹನ್ನೆರಡರಲ್ಲಿ ಒಂದು. ಪಕ್ಕದಲ್ಲಿ ನಿನ್ನ ಕೈಯ ಬಿಳಿ ಬಣ್ಣದ ಏಳರ ಅಂಕಿ ಇನ್ನೂ ಇದೆ.

ಇತಿ ನಟರಾಜು

---

ಕನಕಪುರ
19 ಜನವರಿ 2025

ನಟರಾಜು,

ಪತ್ರ ಓದಿದೆ. ವಾಯ್ಸ್ ನೋಟ್ ಕಳಿಸಬೇಡ.

ಯಂತ್ರ ಆನ್ ಆದ ತಕ್ಷಣ ಒಂದು ಕೀಲಿ ಒತ್ತಿದರೆ ನೀಲಿ ಪರದೆ ಬರುತ್ತದೆ. ಅಲ್ಲಿ, ಕರೆಂಟು ಮರಳಿ ಬಂದಾಗ ತಾನೇ ಆನ್ ಆಗುವ ಆಯ್ಕೆ ಇದೆ. ಅದನ್ನು ಹಾಕು. ಪಾಸ್‌ವರ್ಡ್ ಕೇಳದೆ ನೇರ ಒಳಗೆ ಹೋಗುವಂತೆ ಮಾಡು.

ಡೆಸ್ಕ್‌ಟಾಪು ಎದ್ದಾಗ ಏನೇನು ಶುರುವಾಗಬೇಕೆಂದು ಒಂದು ಕಡತದಲ್ಲಿ ಪಟ್ಟಿ ಇರುತ್ತದೆ. ಆಟೋಸ್ಟಾರ್ಟ್ ಎಂದು ಹೆಸರು. ಎರಡು ಕಡೆ ಇರಬಹುದು: ಎಲ್ಲರಿಗೂ ಸೇರಿದ ಮೂಲ ಪಟ್ಟಿ, ಮತ್ತು ನಿನ್ನ ಮನೆ ಫೋಲ್ಡರಿನ ಪಟ್ಟಿ. ನಿನ್ನದು ಇದ್ದರೆ ಯಂತ್ರ ಮೂಲವನ್ನು ಓದುವುದೇ ಇಲ್ಲ. ಆದ್ದರಿಂದ ಮೊದಲು ಮೂಲವನ್ನು ನಿನ್ನ ಫೋಲ್ಡರಿಗೆ ನಕಲು ಮಾಡಿಕೋ, ನಂತರ ಕೆಳಗೆ ನಿನ್ನ ಸಾಲು ಸೇರಿಸು. ಬ್ಲೂಟೂತ್, ಪ್ರಿಂಟರ್, ಸ್ಕ್ರೀನ್ ಸೇವರ್ ಬೇಡವಾದರೆ ಆ ಸಾಲುಗಳ ಮುಂದೆ # ಹಾಕಿ ಮಲಗಿಸು. ಏನನ್ನೂ ಒರೆಸಬೇಡ.

ನಿನ್ನ ಸಾಲನ್ನು ಹೇಗೆ ಬರೆಯಬೇಕೆಂದು ಹೇಳುವ ಮುಂಚೆ ಒಂದು ಪ್ರಶ್ನೆ. ಆ ಮಂಜಿನ ಮಿಷನ್ನನ್ನು ಯಾವಾಗಲಾದರೂ ಬೇಕೆಂದೇ ನಿಲ್ಲಿಸಬೇಕಾಗುತ್ತದೆಯೇ? ಉತ್ತರ ಬಂದ ಮೇಲೆ ಮುಂದಿನದು ಬರೆಯುತ್ತೇನೆ.

ಉಜೈರ್

---

ಕೈಲಾಂಚ
2 ಫೆಬ್ರವರಿ 2025

ಉಜೈರ್,

ಆಗಿಹೋಯಿತು. ನೀನು ಇನ್ನು ಕಷ್ಟಪಡಬೇಕಾಗಿಲ್ಲ.

ಮೊದಲ ದಿನ ಒಂದು ಎಡವಟ್ಟು ಮಾಡಿದೆ, ಕೇಳು. ನಕಲು ಮಾಡಿಕೋ ಎಂದು ನೀನು ಬರೆದಿದ್ದೆ, ನಾನು ಅರ್ಧ ಓದಿ ಎದ್ದಿದ್ದೆ. ನನ್ನ ಫೋಲ್ಡರಿನಲ್ಲಿ ಹೊಸ ಕಡತ ಮಾಡಿ ಮಂಜಿನ ಸಾಲೊಂದನ್ನೇ ಬರೆದೆ. ಯಂತ್ರ ಎದ್ದಿತು, ಮಂಜೂ ಬಂತು, ಆದರೆ ಪರದೆಯಲ್ಲಿ ಬೇರೇನೂ ಇಲ್ಲ. ಕೆಳಗಿನ ಪಟ್ಟಿ ಇಲ್ಲ, ಚಿತ್ರಗಳಿಲ್ಲ, ಬರೀ ಕಪ್ಪು. ಹೊಸ ಮನೆಗೆ ಹೋದವನು ಒಲೆಯೊಂದನ್ನೇ ಹೊತ್ತುಕೊಂಡು ಹೋದ ಹಾಗೆ. ಲತಾಮಣಿ ನಿನ್ನ ಪತ್ರವನ್ನು ಎದುರಿಗಿಟ್ಟು ಓದಿಸಿದಳು, ಒಂದನೇ ಕ್ಲಾಸಿನವನಿಗೆ ಓದಿಸಿದಂತೆ. ಆಮೇಲೆ ಮೂಲವನ್ನು ನಕಲು ಮಾಡಿದೆ. ಬೇಡದ್ದರ ಮುಂದೆ # ಹಾಕಿದೆ. ಏನನ್ನೂ ಒರೆಸಲಿಲ್ಲ, ನೀನು ಹೇಳಿದಂತೆ. ಆ ಮಾತು ಎಲ್ಲಿಗೆ ತಾಗಬೇಕಿತ್ತೋ ಅಲ್ಲಿಗೇ ತಾಗಿತು.

ಮೂಲ ಪಟ್ಟಿಯಲ್ಲಿ ಪ್ರತಿ ಸಾಲಿನ ಮುಂದೂ ಒಂದು @ ಗುರುತಿತ್ತು. ಊರಲ್ಲಿ ಎಲ್ಲರ ಹಣೆಗೂ ನಾಮ ಇರುವಾಗ ನಮ್ಮದೊಂದು ಬೋಳು ಯಾಕೆ ಎಂದು ನನ್ನ ಸಾಲಿಗೂ ಹಾಕಿದೆ. ಈಗ ಕುದುರೆ. ಮೇನ್ ಸ್ವಿಚ್ಚನ್ನು ಆರು ಸಲ ಎಳೆದು ನೋಡಿದೆ, ಆರು ಸಲವೂ ತಾನಾಗಿ ಎದ್ದಿತು. ಎರಡು ನಿಮಿಷದಲ್ಲಿ ಮಂಜು. ಏಳನೇ ಸಲ ಎಳೆಯಲು ಹೋದಾಗ ಲತಾಮಣಿ ಫ್ಯೂಸ್ ತೆಗೆದಿಟ್ಟುಕೊಂಡಳು.

ಹತ್ತನೇ ತಾರೀಖು ಹೊಸ ಮೊಟ್ಟೆ ಒಡೆಯುತ್ತವೆ. ಬೋರಲಿಂಗಯ್ಯನವರನ್ನು ಕರೆದು ತೋರಿಸಿದೆ. ಅವರು ಮಂಜಿಗೆ ಕೈ ಒಡ್ಡಿ, ಅಂಗೈ ಒರೆಸಿಕೊಂಡು, "ಕಂಪೂಟ್ರು ಎದ್ದದ್ದು ನೋಡ್ದೆ, ಹುಳ ಏಳ್ಲಿ ನೋಡವಾ" ಎಂದು ಹೋದರು. ನೋಡಲಿ.

ಕನಕಪುರದಲ್ಲಿ ನೀನು ಶಾಲೆಯ ಲ್ಯಾಬು ನೋಡಿಕೊಳ್ಳುತ್ತೀ ಎಂದು ನಿಮ್ಮೂರಿನ ವಹಾಬ್ ಹೇಳಿದ. ನಿನ್ನ ಅಬ್ಬಾ ಹೇಗಿದ್ದಾರೆ? ಕೈ ನಡುಗುತ್ತದೆ, ಗೊಂಬೆ ಕಡೆಯುವುದು ಬಿಟ್ಟರು ಎಂದು ವರ್ಷಗಳ ಹಿಂದೆ ಯಾರೋ ಹೇಳಿದ್ದರು.

ಗೆದ್ದ ಸಂತೋಷದಲ್ಲಿ,
ನಟರಾಜು

---

ಕನಕಪುರ
5 ಫೆಬ್ರವರಿ 2025

ನಟರಾಜು,

ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಉಜೈರ್

---

ಕೈಲಾಂಚ
20 ಫೆಬ್ರವರಿ 2025

ಉಜೈರ್,

ಉತ್ತರ: ಹೌದು. ನಿಲ್ಲಿಸಬೇಕಾಗುತ್ತದೆ.

ಹುಳು ಬೆಳೆಯುತ್ತಾ ಚರ್ಮ ಸಾಲದಾಗುತ್ತದೆ. ಆಗ ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನ ಅಲ್ಲಾಡದೆ ಇರುತ್ತದೆ. ಹಳೆ ಚರ್ಮ ಕಳಚಿ ಹೊಸದರಲ್ಲಿ ಏಳುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಚಾಕಿಯಲ್ಲಿ ಎರಡು ಜ್ವರ. ಆ ಒಂದು ದಿನ ಸೊಪ್ಪು ಹಾಕಬಾರದು, ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸಬೇಕು, ಕೋಣೆಯಲ್ಲಿ ತೇವ ಇರಕೂಡದು. ಮಿಕ್ಕ ದಿನವೆಲ್ಲ ಬೇಕಾದದ್ದೇ ಆವತ್ತು ವಿಷ. ಇದು ಕೈಲಾಂಚದಲ್ಲಿ ಅಂಗಡಿ ಬಾಗಿಲಲ್ಲಿ ಕೂತವನಿಗೂ ಗೊತ್ತು. ನನಗೆ ಎಷ್ಟು ಗೊತ್ತಿತ್ತೆಂದರೆ, ಹೇಳಬೇಕಾದ ಸಂಗತಿ ಅಂತಲೇ ಅನ್ನಿಸಲಿಲ್ಲ.

ಮೊದಲ ಜ್ವರದಲ್ಲಿ ನಾನು ಅಲ್ಲೇ ಇದ್ದೆ. ಮಂಜಿನ ಮಿಷನ್ನಿನ ಪ್ಲಗ್ಗನ್ನೇ ಕಿತ್ತಿದ್ದೆ, ಎಂದಿನ ಅಭ್ಯಾಸ. ಎರಡನೆಯದಕ್ಕೆ, ಕಂಪ್ಯೂಟರಿನಲ್ಲೇ ಮಾಡೋಣ, ಇಷ್ಟೆಲ್ಲ ಕಲಿತ ಮೇಲೆ ಪ್ಲಗ್ ಕೀಳುವುದೇನು ಎನ್ನಿಸಿತು. ಹದಿನೇಳನೇ ತಾರೀಖು ಮಧ್ಯಾಹ್ನ ಎಲ್ಲ ತಟ್ಟೆಗಳೂ ಜ್ವರಕ್ಕೆ ಹೋದವು. ಸುಣ್ಣ ಉದುರಿಸಿದೆ. ಪ್ರೋಗ್ರಾಮಿನ ಮುಚ್ಚುವ ಗುಂಡಿ ಒತ್ತಿದರೆ ಅದು ಕೇಳಲಿಲ್ಲ, ಟಾಸ್ಕ್ ಮ್ಯಾನೇಜರಿಗೆ ಹೋಗಿ ಕಿಲ್ ಒತ್ತಿದೆ. ಹೋಯಿತು. ಮಾನಿಟರ್ ಆರಿಸಿ, ಬಾಗಿಲು ಎಳೆದುಕೊಂಡು ಹೊಂಗನೂರಿಗೆ ಹೊರಟೆ. ಅಲ್ಲೊಬ್ಬರು ಹೊಸದಾಗಿ ಹುಳುಮನೆ ಕಟ್ಟುತ್ತಿದ್ದಾರೆ, ನೋಡಿ ಹೇಳಿ ಎಂದು ಕರೆದಿದ್ದರು. ಮಾತಿಗೆ ಕೂತೆ, ಬಸ್ಸು ತಪ್ಪಿತು, ಅಲ್ಲೇ ಉಳಿದೆ. ಲತಾಮಣಿ ಕುದೂರಿನ ತವರಲ್ಲಿದ್ದಳು.

ಬೆಳಿಗ್ಗೆ ಬಂದು ಬಾಗಿಲು ತೆರೆದರೆ ನನ್ನ ಕೈ ನನಗೇ ಕಾಣಿಸದಷ್ಟು ಮಂಜು. ಸುಣ್ಣ ಕಲಸಿದ ಹಿಟ್ಟಿನಂತಾಗಿತ್ತು. ಅದರಡಿಯಲ್ಲಿ ಹುಳು.

ಆ @ ಗುರುತು ಏನೆಂದು ಆಮೇಲೆ ಓದಿದೆ. ಅದಿರುವ ಸಾಲಿನ ಪ್ರೋಗ್ರಾಮು ಬಿದ್ದರೆ ಯಂತ್ರ ಅದನ್ನು ಮತ್ತೆ ಎಬ್ಬಿಸುತ್ತದೆ. ನಾನು ಕೊಂದೆ, ಅದು ಎಬ್ಬಿಸಿತು. ಹಳೆಯ ಯಂತ್ರ, ತೆರೆದುಕೊಳ್ಳಲು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ನಾನು ಮಾನಿಟರ್ ಆರಿಸಿದ್ದೆ.

ಒಂದು ಮೂಲೆಯ ತಟ್ಟೆಗಳು ಪರವಾಗಿಲ್ಲ ಎನ್ನುವಂತಿದ್ದವು. ಆರಿಸಿ ಕೊಡಬಹುದಿತ್ತು. ಕೊಡಲಿಲ್ಲ. ಪೂರ್ತಿ ಬ್ಯಾಚನ್ನು ಗುಂಡಿಗೆ ಹಾಕಿ ಮೇಲೆ ಸುಣ್ಣ ಮುಚ್ಚಿದೆ. ಬೋರಲಿಂಗಯ್ಯ ಗಾಡಿ ತಂದಿದ್ದರು. ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಗುಂಡಿಯನ್ನು ನೋಡಿದರು, ನನ್ನನ್ನು ನೋಡಿದರು.

"ವೈರ್ ಕಿತ್ತಾಕಿದ್ರೆ ಆಗ್ತಿತ್ತಲ್ಲ ಕಣ್ಲಾ."

ಆಗುತ್ತಿತ್ತು ಎಂದೆ.

"ಕೆಟ್ಟ ಹುಳ ಕೊಡ್ದೆ ಹೋದೆಯಲ್ಲ, ಅದುಕ್ಕೆ ಇನ್ನೊಂದು ಕಿತ ಬತ್ತೀನಿ. ಎರಡ್ನೇ ಜ್ವರದಿಂದ ಎಲ್ಲಾ ಒಂದೇ ಸಲುಕ್ಕೆ ಏಳ್ಬೇಕು. ಏಳ್ನಿಲ್ಲ ಅಂದ್ರೆ ನಾನು ಮಾಗಡಿ ಕಡೆಯಿಂದ ತರ್ಸ್ಕತೀನಿ. ಬೇಜಾರ್ ಮಾಡ್ಕಬ್ಯಾಡ."

ಮಾರ್ಚ್ ಹದಿನಾಲ್ಕಕ್ಕೆ ಮುಂದಿನ ಮೊಟ್ಟೆ. ಪ್ಲಗ್ ಕಿತ್ತು ಈ ಬ್ಯಾಚು ದಾಟಿಸಬಹುದು, ನಿಜ. ಆದರೆ ಕಿತ್ತವನೇ ಮತ್ತೆ ಹಾಕಲು ಅಲ್ಲಿರಬೇಕು. ಒಬ್ಬನ ನೆನಪಿನ ಮೇಲೆ ಹತ್ತೊಂಬತ್ತು ಮನೆಯ ಬೆಳೆ ನಿಲ್ಲಬಾರದು, ಅದರಲ್ಲೂ ನನ್ನ ನೆನಪಿನ ಮೇಲೆ. ಸರಿಯಾಗಿ ಮಾಡಿಯೇ ತೀರುತ್ತೇನೆ. ನೀನು ಹೇಳಿಕೊಟ್ಟರೆ ಬೇಗ, ಇಲ್ಲದಿದ್ದರೆ ನಿಧಾನ.

ಸರ್, ಇಲ್ಲಿಂದ ಮುಂದೆ ನಾಲ್ಕು ನಿಮಿಷ ಇವರು ಆ ಹನ್ನೆರಡು ಕಂಪ್ಯೂಟರುಗಳ ಬಗ್ಗೆ ಮಾತಾಡಿದ್ದಾರೆ. ಅದನ್ನು ನಾನು ಟೈಪ್ ಮಾಡುವುದಿಲ್ಲ, ಅದೊಂದನ್ನು ಅವರೇ ಕೈಯಲ್ಲಿ ಬರೆಯಲಿ ಎಂದಿದ್ದೇನೆ. – ಲತಾಮಣಿ

ನಟರಾಜು

---

ಕನಕಪುರ
27 ಫೆಬ್ರವರಿ 2025

ನಟರಾಜು,

ನಿನ್ನ ಪಟ್ಟಿಯಲ್ಲಿ ಮಂಜಿನ ಸಾಲಿನ ಮುಂದೆ # ಹಾಕು. ಅದರ ಜಾಗದಲ್ಲಿ ಒಂದು ಕಾವಲನ್ನು ಶುರು ಮಾಡು. ಹನ್ನೆರಡು ಸಾಲಿನ ಸ್ಕ್ರಿಪ್ಟು, ಈ ಪತ್ರದ ಜೊತೆ ಕಳಿಸಿದ್ದೇನೆ. ಕಾವಲಿನ ಕೆಲಸ ಇಷ್ಟೆ: ನಿಮಿಷಕ್ಕೊಮ್ಮೆ ‘ಜ್ವರ’ ಎಂಬ ಹೆಸರಿನ ಕಡತ ಇದೆಯೇ ಎಂದು ನೋಡುತ್ತದೆ. ಇದ್ದರೆ ಮಂಜನ್ನು ನಿಲ್ಲಿಸುತ್ತದೆ. ಇಲ್ಲದಿದ್ದರೆ, ಮಂಜು ಓಡುತ್ತಿದೆಯೇ ನೋಡಿ, ನಿಂತಿದ್ದರೆ ಎಬ್ಬಿಸುತ್ತದೆ. ಕರೆಂಟು ಎಷ್ಟು ಸಲ ಹೋಗಿ ಬಂದರೂ ಆ ಕಡತ ಅಲ್ಲೇ ಇರುತ್ತದೆ. @ ಗುರುತು ಕಾವಲಿಗೆ ಮಾತ್ರ. ಮಂಜಿಗೆ ಬೇಡ.

ಡೆಸ್ಕ್‌ಟಾಪಿನ ಮೇಲೆ ಎರಡು ಚಿತ್ರ ಬರುವಂತೆ ಮಾಡಿದ್ದೇನೆ. ‘ಜ್ವರಕ್ಕೆ ಹೋದವು’ ಒತ್ತಿದರೆ ಕಡತ ಹುಟ್ಟುತ್ತದೆ. ‘ಜ್ವರದಿಂದ ಎದ್ದವು’ ಒತ್ತಿದರೆ ಹೋಗುತ್ತದೆ. ಓದು ಬರುವ ಯಾರು ಬೇಕಾದರೂ ಒತ್ತಬಹುದು. ಹುಳು ಇಲ್ಲದ ಖಾಲಿ ಕೋಣೆಯಲ್ಲಿ ಒಂದು ವಾರ ಪರೀಕ್ಷೆ ಮಾಡು. ಎಡವಟ್ಟಾದರೆ ಏನಾಯಿತೆಂದು ಮೊದಲು ಬರೆ, ಆಮೇಲೆ ಕೈ ಹಾಕು.

ಗುಂಡಿಗೆ ಹಾಕಿದ್ದು ಸರಿಯಾಯಿತು.

ನೀನು ಕೇಳದಿದ್ದರೂ ಒಂದು ವಿಷಯ. ಹನ್ನೆರಡು ಯಂತ್ರಗಳ ಲಿನಕ್ಸ್ ಹೋದದ್ದಕ್ಕೆ ನಾನು ಇನ್‌ಸ್ಟಿಟ್ಯೂಟ್ ಬಿಟ್ಟು ಹೋಗಲಿಲ್ಲ. ಅದನ್ನು ಹದಿನೈದು ದಿನದಲ್ಲಿ ಮತ್ತೆ ಹಾಕಬಹುದಿತ್ತು. ಏಳನೇ ನಂಬರಿನಲ್ಲಿ ನಾನು ಎರಡು ವರ್ಷ ಬರೆದ ಪಾಠಗಳಿದ್ದವು, ಕನ್ನಡದಲ್ಲಿ, ಇಪ್ಪತ್ತಾರು. ಬೇರೆಲ್ಲೂ ನಕಲಿರಲಿಲ್ಲ, ಅದು ನನ್ನ ತಪ್ಪು. ಈಗ ಲ್ಯಾಬಿನಲ್ಲಿ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಪಾಠ ಮಾಡುತ್ತೇನೆ. ಅವನ್ನು ಎರಡನೇ ಸಲ ಬರೆಯಲು ಕೂತಿದ್ದೆ, ಬರಲಿಲ್ಲ.

ಅಬ್ಬಾ ಹೋಗಿ ಮೂರು ವರ್ಷವಾಯಿತು.

ಉಜೈರ್

---

ಕೈಲಾಂಚ
11 ಮಾರ್ಚ್ 2025

(ಈ ಕಾಗದ ಅಂಚೆಯಲ್ಲಿ ಬರುತ್ತದೆ, ಮೇಲಿನ ಭಾಗ ಇವರ ಕೈಬರಹ. – ಲತಾಮಣಿ)

ಉಜೈರ್, ನಿನ್ನ ಅಮ್ಮನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿ ನೀನು ಎಂಟು ದಿನ ಅಲ್ಲಿದ್ದಾಗ, ನಿನ್ನನ್ನು ಕೇಳದೆ ಹನ್ನೆರಡರ ಲಿನಕ್ಸನ್ನೂ ಒರೆಸಿ, ಹುಡುಗರು ಕೇಳುತ್ತಿದ್ದ ಬೇರೆ ಸಿಸ್ಟಮ್ ಹಾಕಿದೆ. ಹುಡುಗರು ಬೇರೆ ಕಡೆ ಸೇರುತ್ತಿದ್ದಾರೆಂದು ಹೆದರಿದ್ದೆ. ನೀನು ಒಪ್ಪಿದ್ದೀಯ ಎಂದು ಅವರಿಗೆ ಸುಳ್ಳು ಹೇಳಿದೆ. ನೀನು ಬಂದು ಬೀಗದ ಕೈ ಮೇಜಿನ ಮೇಲಿಟ್ಟು ಹೋದಾಗ, ಸಣ್ಣ ವಿಷಯಕ್ಕೆ ಮುನಿಸು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಪಾಠಗಳಿದ್ದದ್ದು ಗೊತ್ತಿರಲಿಲ್ಲ. ಗೊತ್ತಿದ್ದರೂ ಒರೆಸುತ್ತಿದ್ದೆನೋ ಏನೋ, ಆ ದಿನ ಹಾಗಿದ್ದೆ. ತಪ್ಪು ನನ್ನದು.

ಇನ್ನು ಟೈಪ್ ಮಾಡಿಸುತ್ತಿದ್ದೇನೆ. ಅಬ್ಬಾ ಸುದ್ದಿ ಓದಿ ಸುಮ್ಮನೆ ಕೂತೆ. ಲತಾಮಣಿ ಫೋನು ಕೆಟ್ಟಿದೆಯೇನೋ ಎಂದು ಬಂದು ನೋಡಿದಳು.

ಕಾವಲನ್ನು ಹಾಕಿದೆ. ಖಾಲಿ ಕೋಣೆಯಲ್ಲಿ ಎಂಟು ದಿನ. ಮೂರನೇ ದಿನ ಎಡವಟ್ಟಾಯಿತು: ‘ಎದ್ದವು’ ಒತ್ತಿದರೂ ಮಂಜು ಬರಲಿಲ್ಲ. ಕೈ ಹಾಕಲಿಲ್ಲ. ನಿನಗೆ ಬರೆಯಲು ಕೂತು, ಏನು ಮಾಡಿದೆ, ಯಾವುದರ ನಂತರ ಯಾವುದು ಎಂದು ಒಂದೊಂದಾಗಿ ಹೇಳುತ್ತಾ ಹೋದರೆ ಅರ್ಧದಲ್ಲೇ ತಪ್ಪು ಸಿಕ್ಕಿತು. ಮಂಜಿನ ಮಿಷನ್ನಿನಲ್ಲಿ ನೀರೇ ಇರಲಿಲ್ಲ. ಆ ಪತ್ರ ಕಳಿಸಲಿಲ್ಲ.

‘ಜ್ವರಕ್ಕೆ ಹೋದವು’ ಒತ್ತಿ ಮೇನ್ ಎಳೆದೆ, ಎದ್ದು ಸುಮ್ಮನೆ ಕೂತಿತು. ಇಪ್ಪತ್ತು ಸಲ ಎಳೆದೆ, ಇಪ್ಪತ್ತು ಸಲವೂ ಸುಮ್ಮನೆ ಕೂತಿತು. ಸುಮ್ಮನೆ ಕೂರುವುದನ್ನು ಕಲಿಸಲು ಇಷ್ಟು ಶ್ರಮ ಬೇಕೆಂದು ನನಗೆ ಗೊತ್ತಿರಲಿಲ್ಲ. "ನಿಮಗೂ ಒಂದು ಬರ್ಕೊಡಿ ಅಂತ ಸರ್‌ನ ಕೇಳ್ಲಾ" ಎಂದಳು ಲತಾಮಣಿ. ಇದನ್ನು ಮಾತ್ರ ಕತ್ತರಿಸಿಲ್ಲ ನೋಡು.

ಶುಕ್ರವಾರ ಮೊಟ್ಟೆ ಒಡೆಯುತ್ತವೆ.

ನಟರಾಜು

---

ಕೈಲಾಂಚ
23 ಮಾರ್ಚ್ 2025

ಉಜೈರ್,

ಇಪ್ಪತ್ತನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಎರಡನೇ ಜ್ವರಕ್ಕೆ ಹೋದವು. ಲತಾಮಣಿಯ ಕೈಯಲ್ಲಿ ಒತ್ತಿಸಿದೆ. ಒಂದು ನಿಮಿಷಕ್ಕೆ ಮಂಜು ನಿಂತಿತು, ಮಿಷನ್ನಿನ ಸದ್ದು ನಿಂತದ್ದು ಮೊದಲು ಕಿವಿಗೆ ಗೊತ್ತಾಯಿತು. ಸುಣ್ಣ ಉದುರಿಸಿದೆವು. ಪ್ಲಗ್ಗಿಗೆ ಕೈ ಹಾಕಲಿಲ್ಲ. ಹಾಕಬೇಕೆಂದು ಕೈ ತುರಿಸಿತು, ಸುಳ್ಳು ಹೇಳುವುದಿಲ್ಲ.

ಬೋರಲಿಂಗಯ್ಯ ಊಟ ಮುಗಿಸಿ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತರು. ಕಾಯಲು ಬಂದಿದ್ದೀರಾ ಎಂದರೆ, ಮನೆಯಲ್ಲಿ ಫ್ಯಾನಿಲ್ಲ, ಇಲ್ಲಿ ಗಾಳಿ ಚೆನ್ನಾಗಿದೆ ಎಂದರು. ಎರಡೂವರೆಗೆ ಕರೆಂಟು ಹೋಯಿತು. ಮೂರಕ್ಕೆ ಬಂತು. ಯಂತ್ರ ಎದ್ದಿತು. ನಾವಿಬ್ಬರೂ ಮಂಜಿನ ಕೊಳವೆಯ ಬಾಯಿಯನ್ನೇ ನೋಡುತ್ತಾ ನಿಂತೆವು. ಐದು ನಿಮಿಷ. ಹತ್ತು ನಿಮಿಷ. ಏನೂ ಬರಲಿಲ್ಲ. ನಾಲ್ಕಕ್ಕೆ ಮತ್ತೆ ಹೋಯಿತು, ಬಂತು. ಐದೂವರೆಗೆ ಇನ್ನೊಮ್ಮೆ. ಪ್ರತಿ ಸಲವೂ ಅವರು ಎದ್ದು ಬಂದು ಕೊಳವೆಯ ಮುಂದೆ ಅಂಗೈ ಹಿಡಿದು, ಒಣಗಿದೆ ಎಂದು ನೋಡಿ ಹೋಗಿ ಕೂರುತ್ತಿದ್ದರು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ತೆರೆದೆವು. ಒಂದು ತಟ್ಟೆಯ ಮೇಲೆ ಬಾಯಿಂದ ಮೆಲ್ಲಗೆ ಊದಿದೆ. ಇಡೀ ತಟ್ಟೆಯೇ ಒಮ್ಮೆಗೇ ಅಲುಗಿತು. ಸಣ್ಣ ತಲೆಗಳು, ಹೊಸ ಚರ್ಮ, ಎಲ್ಲ ಒಂದೇ ಗಾತ್ರ. ಎರಡನೇ ತಟ್ಟೆ, ಮೂರನೇ ತಟ್ಟೆ. ಬೋರಲಿಂಗಯ್ಯ ಕನ್ನಡಕ ಏರಿಸಿಕೊಂಡು ಮೂಲೆಯ ತಟ್ಟೆಗಳನ್ನೇ ಹುಡುಕಿ ನೋಡಿದರು, ಕಳ್ಳನನ್ನು ಹುಡುಕುವ ಹಾಗೆ.

"ಎದ್ದವೆ ಕಣ್ಲಾ" ಎಂದರು. "ಒಂದೇ ಸಲುಕ್ಕೆ." ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ, "ಇದುಕ್ಕೆ ಹೇಳ್ದೆಯಾ, ಎದ್ದವೆ ಅಂತ?"

ಹೇಳಿರಲಿಲ್ಲ. ಸಂತೋಷದಲ್ಲಿ ಮರೆತೇಬಿಟ್ಟಿದ್ದೆ. ಅವರ ಕೈಗೇ ಮೌಸ್ ಕೊಟ್ಟೆ. ‘ಜ್ವರದಿಂದ ಎದ್ದವು’ ಎಂದು ಒಂದೊಂದೇ ಅಕ್ಷರ ಕೂಡಿಸಿ ಓದಿ ಒತ್ತಿದರು. ಮಂಜು ಬಂತು, ಸೊಪ್ಪು ಹಾಕಿದೆವು. ನಿನ್ನೆ ಹತ್ತೊಂಬತ್ತು ಮನೆಗೂ ಹುಳು ಹೋಯಿತು. ಬೀಗ ಹಾಕುವವನು ನಾನಲ್ಲ ಎಂದು ಜನವರಿಯಲ್ಲಿ ಹೇಳಿದ್ದೆ, ಈಗ ಆ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಈಗ ನನ್ನದೊಂದು ಕೆಲಸ. ಇನ್‌ಸ್ಟಿಟ್ಯೂಟಿನಲ್ಲಿ ನೀನು ಪಾಠ ಮಾಡುವಾಗ ನಾನು ಹಲಗೆ ಗೋಡೆಯ ಆಚೆ ಫಾರಂ ತುಂಬುತ್ತಾ ಕೂತಿರುತ್ತಿದ್ದೆ. ಎರಡು ವರ್ಷ, ದಿನಕ್ಕೆ ಮೂರು ಬ್ಯಾಚು, ಅದೇ ಪಾಠ. ನನ್ನ ಬಾಯಿ ಹೇಗಿದ್ದರೂ ಕಿವಿ ಚೆನ್ನಾಗಿದೆ. ಹುಳುವಿಗೆ ಸೊಪ್ಪು ಹಾಕುತ್ತಾ ಒಂದೊಂದೇ ಪಾಠ ಹೇಳಿ ರೆಕಾರ್ಡ್ ಮಾಡುತ್ತಿದ್ದೇನೆ. ಒಂಬತ್ತು ಆದವು. ಲತಾಮಣಿ ಟೈಪ್ ಮಾಡಿ ನಾಲ್ಕು ಕಡೆ ನಕಲು ಇಟ್ಟಿದ್ದಾಳೆ. ಮೊದಲನೆಯದು ಹೀಗೆ ಶುರುವಾಗುತ್ತಿತ್ತು, ತಪ್ಪಿದ್ದರೆ ತಿದ್ದು:

‘ಕಂಪ್ಯೂಟರಿಗೆ ಹೆದರಬೇಡಿ. ಎದ್ದ ಕೂಡಲೇ ಅದು ಏನೇನು ಮಾಡಬೇಕೆಂದು ಯಾರೋ ಒಬ್ಬರು ಬರೆದಿಟ್ಟಿದ್ದಾರೆ. ಆ ಪಟ್ಟಿಯನ್ನು ನೀವು ಓದಬಹುದು. ಓದಿದ ಮೇಲೆ ತಿದ್ದಬಹುದು. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಮುಖ್ಯ. ಮರ ತಿರುಗತೊಡಗಿದ ಮೇಲೆ ಉಳಿ ಇಡಬೇಕು. ಉಳಿ ಇಟ್ಟು ಮರ ತಿರುಗಿಸಿದರೆ ಗೊಂಬೆಯೂ ಇಲ್ಲ, ಬೆರಳೂ ಇಲ್ಲ.’

ಒಂಬತ್ತೂ ಈ ಪತ್ರದ ಜೊತೆಗಿವೆ. ಇಪ್ಪತ್ತಾರನ್ನೂ ಮುಗಿಸುತ್ತೇನೆ.

ಗೋಡೆಯ ಆಚೆಯಿಂದ,
ನಟರಾಜು

---

ಕನಕಪುರ
30 ಮಾರ್ಚ್ 2025

ನಟರಾಜು,

ಒಂಬತ್ತನ್ನೂ ಓದಿದೆ. ನಾಲ್ಕನೆಯದರಲ್ಲಿ ಎರಡು ಸಾಲು ಹಿಂದುಮುಂದಾಗಿವೆ. ಏಳರಲ್ಲಿ ನಿನ್ನ ಸ್ವಂತ ಮಾತು ಒಂದು ಪುಟ ಸೇರಿದೆ, ಅದನ್ನು ಒರೆಸಿಲ್ಲ, # ಹಾಕಿ ಮಲಗಿಸಿದ್ದೇನೆ. ಮಿಕ್ಕದ್ದು ಸರಿ.

ಒಂದನೆಯದರಲ್ಲಿ ಉಳಿಯ ಮಾತು ನನ್ನದಲ್ಲ, ಅಬ್ಬಾ ಅವರದು. ಅದನ್ನು ನಾನು ಬಾಯಲ್ಲಿ ಹೇಳುತ್ತಿದ್ದೆ, ಕಡತದಲ್ಲಿ ಎಂದೂ ಬರೆದಿರಲಿಲ್ಲ. ಆದ್ದರಿಂದ ನೀನು ಒರೆಸಿದ್ದರಲ್ಲಿ ಅದು ಇರಲೇ ಇಲ್ಲ. ನಾನೇ ಮರೆತಿದ್ದೆ. ನಿನ್ನೆ ಲ್ಯಾಬಿನಲ್ಲಿ ಅದನ್ನು ಹೇಳಿ ಪಾಠ ಶುರು ಮಾಡಿದೆ.

ಇನ್ನು ಹದಿನೇಳು ಉಳಿದಿವೆ. ಲತಾಮಣಿಗೆ ಸಾಕಷ್ಟು ತೊಂದರೆ ಕೊಟ್ಟಿದ್ದೀಯ. ಮುಂದಿನ ಪಾಠವನ್ನು ಮಾತಾಡಿ ನೇರ ನನ್ನ ಫೋನಿಗೆ ಕಳಿಸು. ಕೇಳಿಕೊಂಡು ನಾನೇ ಟೈಪ್ ಮಾಡುತ್ತೇನೆ.

ಉದ್ದವಾದರೂ ಪರವಾಗಿಲ್ಲ.

ನಿನ್ನ
ಉಜೈರ್